ಬಂಟ, ವೀರ, ಧೀರ, ಗಟ್ಟಿಗಿತ್ತಿ: ಕೆಚ್ಚಿನ ಮಾತುಗಳ ಅನುವಾದ

(ಚಿಕ್ಕೋಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಅನುವಾದದ ಬಗ್ಗೆ ಮಾತು ನಡೆಯಲಿ ಎಂಬುದು ಈ ದತ್ತಿಯನ್ನು ಇಟ್ಟವರ ಅಪೇಕ್ಷೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಮ್ಮ ಈ ಐದು ತಾಲ್ಲೂಕುಗಳಲ್ಲಿ ಅನುವಾದ ಎಂಬುದು ಪುಸ್ತಕದ ಕೋಣೆಗಿಂತ ಮೊದಲು ಸಂತೆಯಲ್ಲಿ, ಕಬ್ಬಿನ ಗಾಡಿಯ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಇಂಥ ನೆಲದಲ್ಲಿ ನಿಂತು ಇವತ್ತು ಒಂದೇ ಒಂದು ಗುಂಪಿನ ಮಾತುಗಳನ್ನು ಕೈಗೆತ್ತಿಕೊಳ್ಳುತ್ತೇನೆ. ಇಂಗ್ಲಿಷಿನ ಬ್ರೇವ್, ಕರೇಜ್, ವ್ಯಾಲರ್, ಗ್ಯಾಲಂಟ್ರಿ, ಡೇರಿಂಗ್, ಹೀರೊಯಿಸಂ. ಇವು ಕನ್ನಡಕ್ಕೆ ಬರುವಾಗ ಏನಾಗುತ್ತವೆ?

ನಿಘಂಟು ತೆರೆದರೆ ಉತ್ತರ ಸುಲಭವಾಗಿ ಸಿಗುತ್ತದೆ: ಧೈರ್ಯ, ಶೌರ್ಯ, ಸಾಹಸ, ಪರಾಕ್ರಮ, ವೀರತ್ವ. ಯಾವ ಇಂಗ್ಲಿಷ್ ಪದ ಬಂದರೂ ಈ ಐದರಲ್ಲಿ ಒಂದನ್ನು ಎತ್ತಿ ಇಟ್ಟರೆ ಕೆಲಸ ಮುಗಿಯಿತು ಎಂದು ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಬಹಳ ಕಾಲದಿಂದ ನಡೆದುಕೊಂಡು ಬಂದಿವೆ. ನನ್ನ ತಕರಾರು ಇರುವುದು ಅಲ್ಲಿಯೇ. ಕನ್ನಡದಲ್ಲಿ ಕೆಚ್ಚಿನ ಮಾತು ಎಂದೂ ಒಂಟಿಯಾಗಿ ಬರುವುದಿಲ್ಲ, ಜೊತೆಯಲ್ಲಿ ಇನ್ನೊಂದು ಗುಣವನ್ನು ಕರೆದುಕೊಂಡೇ ಬರುತ್ತದೆ. ಒಂದು ಮಾತಿನ ಜೊತೆ ನಿಷ್ಠೆ ಬರುತ್ತದೆ, ಇನ್ನೊಂದರ ಜೊತೆ ತಾಳ್ಮೆ, ಮತ್ತೊಂದರ ಜೊತೆ ತ್ಯಾಗ, ಕೆಲವೊಮ್ಮೆ ಅಪರಾಧ ಕೂಡ. ಅನುವಾದಕ ಆರಿಸಬೇಕಾದದ್ದು ಆ ಜೊತೆಗಾರನನ್ನು. ಅದಕ್ಕೆ ಮೊದಲು ನೋಡಬೇಕಾದದ್ದು ಆ ಮನುಷ್ಯ ಏನು ಮಾಡಿದ ಎಂಬುದನ್ನು.

ವಿಲಿಯಂ ರೀವ್ ಎಂಬ ಪಾದ್ರಿ ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಇಂಗ್ಲಿಷ್–ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದು 1824ರಲ್ಲಿ. ಅದೇ ವರ್ಷ ಅಕ್ಟೋಬರ್ 23ರಂದು ನಮ್ಮ ಜಿಲ್ಲೆಯ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಒಂದು ಕಡೆ ಇಂಗ್ಲಿಷರ ಧೈರ್ಯದ ಪದಗಳಿಗೆ ಕನ್ನಡ ಪದ ಹುಡುಕುವ ಕೆಲಸ, ಇನ್ನೊಂದು ಕಡೆ ಇಂಗ್ಲಿಷರ ಎದುರಿಗೇ ಕನ್ನಡಿಗರು ಧೈರ್ಯ ತೋರಿಸಿದ ಕೆಲಸ, ಎರಡೂ ಒಂದೇ ವರ್ಷದವು. ಆ ಶತಮಾನ ಮುಗಿಯುವ ಮೊದಲೇ ಅನುವಾದ ತಿರುವುಮುರುವು ದಿಕ್ಕಿನಲ್ಲೂ ಹರಿಯಿತು. ಶಾಸನಗಳ ವಿದ್ವಾಂಸರೆಂದು ನಾವೆಲ್ಲ ಬಲ್ಲ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ನಮ್ಮ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಂದಿಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲಿ ಒಂದು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ, ಅರ್ಧ ಶತಮಾನ ಕಳೆದ ಮೇಲೆ, ಅವನ ಕೆಚ್ಚನ್ನು ಹಾಡುವ ಪದಗಳಿಗೆ ಇಂಗ್ಲಿಷ್ ಹುಡುಕುತ್ತ ಕೂತದ್ದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ.

ರಾಯಣ್ಣನನ್ನು ನಮ್ಮ ಜನ ಕರೆಯುವುದು ಚೆನ್ನಮ್ಮನ ಬಂಟ ಎಂದು. ಬಂಟ ಎಂದರೆ ವೀರ, ಬಂಟ ಎಂದರೆ ಸೇವಕ ಕೂಡ. ಹನುಮಂತ ರಾಮನ ಬಂಟ. ಯಾರ ಬಂಟ ಎಂದು ಹೇಳದಿದ್ದರೆ ಆ ಮಾತು ಪೂರ್ತಿಯಾಗುವುದೇ ಇಲ್ಲ. ಇಂಗ್ಲಿಷಿಗೆ ಹೋಗುವಾಗ ಹೀರೊ ಎಂದರೆ ನಿಷ್ಠೆ ಹೋಯಿತು, ಸರ್ವಂಟ್ ಎಂದರೆ ಕೆಚ್ಚು ಹೋಯಿತು. ಕೆಚ್ಚು ನಿಷ್ಠೆಗಳನ್ನು ಒಂದೇ ಪದದಲ್ಲಿ ಕಟ್ಟಿಟ್ಟ ಭಾಷೆ ನಮ್ಮದು. ಇದು ನಮ್ಮಲ್ಲಿ ಮಾತ್ರ ಇದೆ ಎಂದು ಬೀಗಬೇಕಾಗಿಲ್ಲ. ಯುರೋಪಿನ ನಡುವೆ ಸ್ಲೊವಾಕಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿಯ ಭಾಷೆಯಲ್ಲಿ ‘ಸ್ತತೊಚ್ನೀ’ ಎಂಬ ಪದಕ್ಕೆ ಧೈರ್ಯವಂತ ಎಂಬ ಅರ್ಥವೂ ಪ್ರಾಮಾಣಿಕ ಎಂಬ ಅರ್ಥವೂ ಇದೆ. ಮೋಸ ಮಾಡದೆ ದುಡಿದು ತಿನ್ನುವವನಿಗೂ, ಆಪತ್ತಿನಲ್ಲಿ ಹಿಂದೆ ಸರಿಯದವನಿಗೂ ಅವರಲ್ಲಿ ಒಂದೇ ಮಾತು. ಇಂಗ್ಲಿಷಿನ ಬ್ರೇವ್ ಎಂಬುದನ್ನು ಸ್ಲೊವಾಕ್ ಭಾಷೆಗೆ ತರುವವರಿಗೆ ಅಪಾಯಕ್ಕೆ ಕೈ ಹಾಕುವ ಧೈರ್ಯಕ್ಕೆ ‘ಒದ್ವಾಜ್ನಿ’ ಎಂಬ ಪದವಿದೆ, ನೇರ ನಡತೆಯ ಧೈರ್ಯಕ್ಕೆ ‘ಸ್ತತೊಚ್ನೀ’ ಇದೆ. ಯಾವುದನ್ನು ಬರೆಯಬೇಕೆಂದು ಇಂಗ್ಲಿಷ್ ಪದ ಹೇಳುವುದಿಲ್ಲ, ಕಥೆಯಲ್ಲಿರುವ ಮನುಷ್ಯನ ನಡತೆ ಹೇಳುತ್ತದೆ.

ಆ ದೇಶದ ಮಾತು ಬಂದದ್ದಕ್ಕೆ ಇನ್ನೂ ಒಂದು ಕಾರಣವಿದೆ. ಸ್ಲೊವಾಕ್ ಜನಪದದ ದೊಡ್ಡ ನಾಯಕ ಯುರಾಯ್ ಯಾನೋಶೀಕ್. 1713ರಲ್ಲಿ ಅವನನ್ನು ದರೋಡೆಕೋರನೆಂದು ವಿಚಾರಣೆ ಮಾಡಿ ಕೊಂದರು. ನ್ಯಾಯಾಲಯಕ್ಕೆ ಅವನು ದಾರಿಗಳ್ಳ, ಹಾಡಿಗೆ ಅವನು ವೀರ. ಅಥಣಿಯಿಂದ ಉತ್ತರಕ್ಕೆ ಗಡಿ ದಾಟಿದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು, ಅಲ್ಲಿ ಸಿಂಧೂರ ಎಂಬ ಕನ್ನಡದ ಊರು. ಆ ಊರಿನ ಲಕ್ಷ್ಮಣ ಇದೇ ಬಗೆಯ ಮನುಷ್ಯ. ಬ್ರಿಟಿಷ್ ಪೊಲೀಸರ ಕಣ್ಣಿನಲ್ಲಿ ಅವನು ಡಕಾಯಿತ. ಉಳ್ಳವರ ಮನೆ, ಸರಕಾರದ ಖಜಾನೆ ಲೂಟಿ ಮಾಡಿ ಬಡವರಿಗೆ ಹಂಚಿದ ಎಂದು ನಮ್ಮವರು ಅವನನ್ನು ‘ವೀರ ಸಿಂಧೂರ ಲಕ್ಷ್ಮಣ’ ಮಾಡಿದರು. ಉತ್ತರ ಕರ್ನಾಟಕದ ವೃತ್ತಿನಾಟಕ ಕಂಪನಿಗಳು ಆ ಹೆಸರಿನ ನಾಟಕವನ್ನು ಜಾತ್ರೆ ಜಾತ್ರೆಗೂ ಆಡಿದವು, ಅದು ಸಿನಿಮಾ ಕೂಡ ಆಯಿತು. ಇಲ್ಲಿ ವೀರ ಎಂಬ ಮಾತಿನ ಜೊತೆಗಾರ ನ್ಯಾಯ, ಸರಕಾರಿ ನ್ಯಾಯಕ್ಕೆ ಎದುರು ನಿಂತ ನ್ಯಾಯ. ಪೊಲೀಸ್ ದಾಖಲೆಯನ್ನು ಕನ್ನಡಕ್ಕೆ ತರುವವನು ‘ದರೋಡೆಕೋರ’ ಎಂದು ಬರೆದು, ಅದೇ ಮನುಷ್ಯನ ನಾಟಕವನ್ನು ಇಂಗ್ಲಿಷಿಗೆ ಒಯ್ಯುವಾಗ ‘ಹೀರೊ’ ಎಂದು ಬರೆಯಬೇಕಾಗುತ್ತದೆ. ಎರಡನ್ನೂ ಹಾಗೆಯೇ ಉಳಿಸುವುದು ಪ್ರಾಮಾಣಿಕ ಅನುವಾದ. ಎರಡನ್ನೂ ಸೇರಿಸಿ ನಯವಾದ ಮಧ್ಯದ ಪದವೊಂದನ್ನು ಹುಡುಕಿದರೆ ಇಬ್ಬರಿಗೂ ಅನ್ಯಾಯ.

ವೀರ ಎಂಬ ಈ ಪದವನ್ನು ಸ್ವಲ್ಪ ಹೊತ್ತು ಬಿಡದೆ ನೋಡೋಣ, ನಮ್ಮ ಸೀಮೆಯಲ್ಲಿ ಅದರ ಬದುಕು ಬಹಳ ದೊಡ್ಡದು.

ಕೃಷ್ಣೆಯ ದಂಡೆಯ ಮೇಲೆ, ಇದೇ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ವೀರಭದ್ರನಿದ್ದಾನೆ. ಕನ್ನಡ, ಮರಾಠಿ ಎರಡೂ ಕಡೆಯ ಭಕ್ತರು ಬರುತ್ತಾರೆ. ದಕ್ಷನ ಯಜ್ಞವನ್ನು ಹಾಳುಮಾಡಿದ ದೇವರು ಅವನು. ಪುರವಂತರು ಒಡಪು ಹೇಳುತ್ತ, ಶಸ್ತ್ರ ಹಿಡಿದು ಕುಣಿಯುವಾಗ ಕಾಣುವ ವೀರ ಉರಿಯುವ ವೀರ, ಸಿಟ್ಟಿನ ವೀರ. ಅಲ್ಲಿಂದ ಸ್ವಲ್ಪ ದೂರದಲ್ಲೇ ಸದಲಗಾ, ಭೋಜ, ಕೋಥಳಿ. ಕಾಗವಾಡ ತಾಲ್ಲೂಕಿನಲ್ಲಿ ಶೇಡಬಾಳ. ಈ ಊರುಗಳ ಜೈನ ಮನೆಗಳಲ್ಲಿ ವೀರ ಎಂದರೆ ಮೊದಲು ನೆನಪಾಗುವವನು ಮಹಾವೀರ. ಒಂದು ಇರುವೆಯನ್ನೂ ತುಳಿಯದವನು, ಕೈಯಲ್ಲಿ ಏನನ್ನೂ ಹಿಡಿಯದವನು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತಂದ ಆಚಾರ್ಯ ಶಾಂತಿಸಾಗರರು ಭೋಜದವರು. ಆಚಾರ್ಯ ವಿದ್ಯಾನಂದರು ಹುಟ್ಟಿದ್ದು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು ಹುಟ್ಟಿದ್ದು 1946ರಲ್ಲಿ ಸದಲಗಾದಲ್ಲಿ. ಕನ್ನಡ ಮನೆಮಾತಿನ ಈ ವಿದ್ಯಾಸಾಗರರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯವನ್ನೇ ಬರೆದರು. ಗಡಿಯ ಮಗು ಭಾಷೆಗಳನ್ನು ದಾಟುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ.

ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ, ಅನ್ನನೀರು ತೊರೆದು ಸಾವನ್ನು ಎದುರುಗೊಳ್ಳುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ವಿದ್ಯಾಸಾಗರರು 2024ರಲ್ಲಿ ಡೊಂಗರಗಢದಲ್ಲಿ ಅದೇ ದಾರಿಯಲ್ಲಿ ನಡೆದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಆತ್ಮಹತ್ಯೆ ಎಂಬರ್ಥದ ಪದ ಬಳಸಿದರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ದೇಶವೇ ನೋಡಿತು. ಆ ವರ್ಷ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮ ಮಾಡಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜೈನ ಗ್ರಂಥಗಳಲ್ಲಿ ಇಂಥ ಸಾವಿಗೆ ಪಂಡಿತಮರಣ ಎಂಬ ಹೆಸರಿದೆ. ಸಾವನ್ನು ಕಣ್ಣು ತೆರೆದು, ಯಾರ ಮೇಲೂ ಸಿಟ್ಟಿಲ್ಲದೆ ಎದುರುಗೊಳ್ಳುವ ಈ ಕೆಚ್ಚಿಗೆ ಇಂಗ್ಲಿಷಿನ ವ್ಯಾಲರ್ ಒಗ್ಗುವುದಿಲ್ಲ, ಡೇರಿಂಗ್ ಅಂತೂ ಹತ್ತಿರವೂ ಬರುವುದಿಲ್ಲ. ಯಡೂರಿನ ವೀರ, ಶೇಡಬಾಳದ ವೀರ ಇಬ್ಬರೂ ನಮ್ಮವರೇ. ಇಂಗ್ಲಿಷಿನಿಂದ ವೀರ ಎಂಬ ಪದಕ್ಕೆ ಬರುವ ಪ್ರತಿಯೊಬ್ಬ ಅನುವಾದಕ ತಾನು ಇವರಿಬ್ಬರಲ್ಲಿ ಯಾರ ಬಾಗಿಲಿಗೆ ಬಂದಿದ್ದೇನೆ ಎಂದು ತಿಳಿದುಕೊಳ್ಳಬೇಕು.

ಸೈನ್ಯದ ಪದಕಗಳ ಹೆಸರಿನಲ್ಲಿ ಈ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಿಂದ ಹುಡುಗರು ಸೈನ್ಯಕ್ಕೆ ಹೋಗಿದ್ದಾರೆ. ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ.

ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಸ್ಥಾಪನೆಯಾದಾಗ ಅದರ ಮೇಲೆ ‘ಫಾರ್ ದ ಬ್ರೇವ್’, ಎಂದರೆ ಧೀರರಿಗಾಗಿ, ಎಂದು ಕೆತ್ತಿಸುವ ಸಲಹೆ ಬಂತು. ರಾಣಿ ಒಪ್ಪಲಿಲ್ಲ. ಪದಕ ಸಿಕ್ಕವರು ಮಾತ್ರ ಧೀರರು, ಉಳಿದ ಸೈನಿಕರು ಅಲ್ಲ ಎಂಬ ಅರ್ಥ ಬಂದೀತು ಎಂಬುದು ಆಕೆಯ ಆಕ್ಷೇಪ. ಅದನ್ನು ‘ಫಾರ್ ವ್ಯಾಲರ್’ ಎಂದು ತಿದ್ದಿದರು. ಮನುಷ್ಯನಿಗೆ ಹಚ್ಚಿದ ಪದವನ್ನು ಅವನು ಮಾಡಿದ ಕೆಲಸಕ್ಕೆ ಹಚ್ಚಿದರು. ಒಂದೇ ಭಾಷೆಯ ಒಳಗೆ ನಡೆದ ಈ ತಿದ್ದುಪಡಿಯಲ್ಲಿ ಅನುವಾದಕರಿಗೆ ಬೇಕಾದ ಎಚ್ಚರ ಪೂರ್ತಿ ಇದೆ.

ಆ ಪದಕ ಪಡೆದವರಲ್ಲಿ ಬೆಳಗಾವಿ ದಳದ ಸಿಪಾಯಿ ನಾಮದೇವ ಜಾಧವ ಒಬ್ಬರು. 1945ರ ಏಪ್ರಿಲ್ 9, ಇಟಲಿಯ ಸೆನಿಯೊ ನದಿ. ಕಂಪನಿಯ ಸುದ್ದಿ ಮುಟ್ಟಿಸುವ ಕೆಲಸ ಅವರದು. ನದಿಯ ಏರಿಯ ಮೇಲಿನ ಮಷೀನ್‌ಗನ್ನುಗಳಿಂದ ಗುಂಡಿನ ಮಳೆ ಸುರಿಯುತ್ತಿತ್ತು, ಜೊತೆಗಿದ್ದವರು ಬಿದ್ದರು. ನಾಮದೇವ ಒಬ್ಬ ಗಾಯಾಳುವನ್ನು ಹೊತ್ತು ಆಳದ ನೀರಿನಲ್ಲಿ ನಡೆದರು, ಕಡಿದಾದ ದಂಡೆ ಹತ್ತಿದರು, ನೆಲಬಾಂಬು ಹುಗಿದ ಜಾಗ ದಾಟಿಸಿ ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಿದರು. ಮತ್ತೆ ಬಂದು ಇನ್ನೊಬ್ಬನನ್ನು ಹಾಗೆಯೇ ಹೊತ್ತರು. ಅದಾದ ಮೇಲೆ ಒಬ್ಬರೇ ಮಷೀನ್‌ಗನ್ ನೆಲೆಗಳ ಮೇಲೆ ನುಗ್ಗಿದರು. ಕೈಗೆ ಗಾಯವಾಗಿ ಬಂದೂಕು ಹಿಡಿಯಲಾಗದೆ ಹೋದಾಗ ಗ್ರೆನೇಡ್ ಎಸೆದರು. ಕೊನೆಗೆ ಏರಿಯ ಮೇಲೆ ನಿಂತು ಮರಾಠರ ಜಯಘೋಷ ಕೂಗಿ ಉಳಿದ ಕಂಪನಿಗಳನ್ನು ಕರೆದರು.

ಇಂಗ್ಲಿಷಿನಲ್ಲಿ ಇದೆಲ್ಲ ವ್ಯಾಲರ್ ಎಂಬ ಒಂದೇ ಪದದ ಒಳಗೆ. ಕನ್ನಡದಲ್ಲಿ ನಾನು ಹಾಗೆ ಬರೆಯಲಾರೆ. ಮಷೀನ್‌ಗನ್ ಮೇಲೆ ನುಗ್ಗಿದ್ದು ಶೌರ್ಯ, ಅದರಲ್ಲಿ ಸಂಶಯವಿಲ್ಲ. ಗಾಯಾಳುವನ್ನು ಹೊತ್ತು ನೀರು ದಾಟಿದ್ದು ಬೇರೆ. ಅದರಲ್ಲಿ ಯಾರನ್ನೂ ಗೆಲ್ಲುವುದಿಲ್ಲ, ಹೊತ್ತುಕೊಂಡು ಬರುವುದಷ್ಟೇ ಇದೆ. ಅದಕ್ಕೆ ನಮ್ಮಲ್ಲಿ ಸಿದ್ಧವಾಗಿ ಕಾದಿರುವ ಮಾತು ‘ಜೀವದ ಹಂಗು ತೊರೆದು’ ಎಂಬುದು. ಸೇನಾ ಪ್ರಶಸ್ತಿಪತ್ರಗಳಲ್ಲಿ ಮತ್ತೆ ಮತ್ತೆ ಬರುವ, ಸ್ವಂತ ಸುರಕ್ಷತೆಯನ್ನು ಸಂಪೂರ್ಣ ಕಡೆಗಣಿಸಿ ಎಂಬರ್ಥದ ಇಂಗ್ಲಿಷ್ ಮಾತಿಗೆ ನಮ್ಮ ಪತ್ರಿಕೆಗಳು ಹಾಗೆಯೇ ಪದಕ್ಕೆ ಪದ ಇಟ್ಟು ಬರೆಯುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಹಂಗು ಎಂದರೆ ಋಣ. ನಾವು ಜೀವಕ್ಕೂ ಋಣಿಗಳು, ಅದರ ಮಾತು ಕೇಳಬೇಕಾದವರು. ಆ ಹಂಗನ್ನೇ ಹರಿದುಕೊಂಡು ಹೊರಟವನು ಎಂದು ಕನ್ನಡ ಹೇಳುತ್ತದೆ. ಇಷ್ಟು ಒಳ್ಳೆಯ ಮಾತನ್ನು ಮನೆಯಲ್ಲಿಟ್ಟುಕೊಂಡು ಬೇರೆಯವರ ವಾಕ್ಯವನ್ನು ಎರವಲು ತರುವ ಅಗತ್ಯ ಏನಿದೆ?

ಸ್ವತಂತ್ರ ಭಾರತ 1950ರ ಜನವರಿ 26ರಂದು ತನ್ನ ಪದಕಗಳನ್ನು ಸ್ಥಾಪಿಸಿತು: ಪರಮವೀರ, ಮಹಾವೀರ, ವೀರ ಚಕ್ರಗಳು. ಪರಮವೀರ ಚಕ್ರದ ನಿಯಮದ ಇಂಗ್ಲಿಷ್ ಪಾಠದಲ್ಲಿ ಧೈರ್ಯ, ದಿಟ್ಟತನ, ಪರಾಕ್ರಮಗಳ ಜೊತೆಗೆ ಆತ್ಮತ್ಯಾಗವೂ ಇದೆ. ಆ ಪದಕದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತದ ಸೇನಾಧಿಕಾರಿಯನ್ನು ಮದುವೆಯಾಗಿ ನಮ್ಮ ಪುರಾಣಗಳನ್ನು ಓದಿಕೊಂಡವರು. ಅವರು ಪದಕದ ಮೇಲೆ ಇಂದ್ರನ ವಜ್ರಾಯುಧವನ್ನು ಇಟ್ಟರು. ವಜ್ರಾಯುಧ ಆದದ್ದು ದಧೀಚಿ ಮುನಿ ತನ್ನ ಎಲುಬುಗಳನ್ನು ಬಿಟ್ಟುಕೊಟ್ಟದ್ದರಿಂದ. ಸೈನಿಕನ ಎದೆಯ ಮೇಲಿನ ಪದಕದಲ್ಲಿ ಒಬ್ಬ ಮುನಿಯ ತ್ಯಾಗ ಸೇರಿಕೊಂಡಿತು, ಶೇಡಬಾಳದ ವೀರನೂ ಯಡೂರಿನ ವೀರನೂ ಅಲ್ಲಿ ಒಟ್ಟಿಗೆ ನಿಂತರು. ಶಬ್ದದಿಂದ ಆಗದ ಅನುವಾದವನ್ನು ಆ ತಾಯಿ ಚಿತ್ರದಲ್ಲಿ ಮಾಡಿದರು. ಅವರ ತಂದೆ ಹಂಗೇರಿಯವರು. ಹಂಗೇರಿ ಭಾಷೆಯಲ್ಲಿ ಧೈರ್ಯವಂತನಿಗೆ ‘ಬಾತೋರ್’ ಎನ್ನುತ್ತಾರೆ. ತುರ್ಕಿ ಮೂಲದ ಅದೇ ಪದ ಪಾರಸಿಯ ದಾರಿಯಿಂದ ನಮ್ಮಲ್ಲಿಗೆ ಬಂದು ಬಹಾದ್ದೂರ್ ಆಗಿದೆ. ಕುಸ್ತಿ ಕಣದಲ್ಲಿ ನಮ್ಮ ಹಿರಿಯರು ‘ಭಲೇ ಬಹಾದ್ದರ!’ ಎಂದು ಬೆನ್ನು ತಟ್ಟುವಾಗ ಆ ಮಾತು ಎಷ್ಟು ದೂರದ ಕುದುರೆ ಸವಾರರಿಂದ ಬಂದದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ, ಅಷ್ಟು ನಮ್ಮದಾಗಿದೆ.

ಬೆಳಗಾವಿ ದಳದ ಧ್ಯೇಯವಾಕ್ಯದಲ್ಲಿ ಇಂಗ್ಲಿಷಿನ ಮೂರು ಪದಗಳಿವೆ, ದೇಶಭಾಷೆಯಲ್ಲಿ ಅವು ಕರ್ತವ್ಯ, ಮಾನ, ಸಾಹಸ. ಕರೇಜ್ ಎಂಬುದು ಸಾಹಸವಾಯಿತು. ಹಿಂದಿ, ಮರಾಠಿಗಳಲ್ಲಿ ಅದು ಸರಿಯಾಗಿಯೇ ಕೂರುತ್ತದೆ. ಕನ್ನಡದಲ್ಲಿ ಈ ಪದ ಎಲ್ಲೆಲ್ಲೋ ತಿರುಗಿದೆ. ಅದರ ಸಂಸ್ಕೃತ ಮೂಲಕ್ಕೆ ಹೋದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾಹಸವೆಂದರೆ ಬಲಾತ್ಕಾರದ ಅಪರಾಧ, ದಂಡಗಳಿಗೇ ಪೂರ್ವಸಾಹಸ, ಮಧ್ಯಮಸಾಹಸ, ಉತ್ತಮಸಾಹಸ ಎಂಬ ಹೆಸರು. ರಾಯಬಾಗದ ಪೂರ್ವಕ್ಕೆ ಮುಧೋಳ ಸೀಮೆಯಲ್ಲಿ ಹುಟ್ಟಿದ ರನ್ನ ತನ್ನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ ಎಂದೂ ಹೆಸರಿಟ್ಟು ಚಾಲುಕ್ಯ ಸತ್ಯಾಶ್ರಯನನ್ನು ಭೀಮನ ಎತ್ತರಕ್ಕೆ ಏರಿಸಿದ. ಅಪರಾಧದ ಪದ ದೊರೆಯ ಬಿರುದಾಯಿತು. ನಮ್ಮ ಕಾಲಕ್ಕೆ ನಟ ವಿಷ್ಣುವರ್ಧನ್ ಸಾಹಸಸಿಂಹನಾದರು, ಬೆಟ್ಟ ಹತ್ತುವುದು ಸಾಹಸಕ್ರೀಡೆಯಾಯಿತು. ಪತ್ರಿಕೆಗಳಲ್ಲಿ ದಿನವೂ ಓದುವುದು ‘ಹರಸಾಹಸ’, ಎಂದರೆ ಪಡಬಾರದ ಪಾಡು ಪಟ್ಟರು ಎಂದು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಏರಿ ಬಂದು ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ದೋಣಿ ಹಾಕಿ ಜನರನ್ನು, ದನಗಳನ್ನು ಹೊರತಂದವರ ಕೆಲಸವೂ ಹರಸಾಹಸವೇ, ಕೆಸರಿನಲ್ಲಿ ಸಿಕ್ಕ ಲಾರಿಯನ್ನು ಎಳೆದವರ ಕೆಲಸವೂ ಹರಸಾಹಸವೇ. ಇಷ್ಟು ಸವೆದ ಪದದಿಂದ ಇಂಗ್ಲಿಷಿನ ಕರೇಜ್ ಎಂಬುದರ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಯಾವುದು? ಕರೇಜ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿ ಹೃದಯ ಎಂಬ ಅರ್ಥದ್ದು. ನಮ್ಮ ಮಾತೂ ಎದೆಯಿಂದಲೇ ಹೊರಡುತ್ತದೆ. ಎದೆಗಾರ, ಎದೆಗಾರಿಕೆ, ಕೆಚ್ಚೆದೆ. ಧೈರ್ಯ ಹೋದರೆ ಎದೆಗುಂದುತ್ತೇವೆ, ಎದೆ ಒಡೆದುಕೊಳ್ಳುತ್ತೇವೆ, ಬಂದರೆ ಎದೆಯೊಡ್ಡುತ್ತೇವೆ. ನಿಪ್ಪಾಣಿ ಕಡೆ ‘ಅವಂಗ ಛಾತಿ ಐತಿ’ ಎಂದರೂ ಅದೇ ಎದೆ, ಮರಾಠಿಯ ಬಟ್ಟೆ ತೊಟ್ಟದ್ದು. ಕೆಚ್ಚು ಎಂಬುದು ಮರದ ನಡುವಿನ ಗಟ್ಟಿ ಭಾಗ. ಬಡಿಗೇರ ಕಟ್ಟಿಗೆ ಆರಿಸುವಾಗ ಕೆಚ್ಚು ಇದೆಯೇ ಎಂದು 
ನೋಡುತ್ತಾನೆ. ಆ ಮಾತೇ ಮನುಷ್ಯನ ಎದೆಗೂ ಬಂತು. ಎದೆಗಾರಿಕೆ ಎಂದು ಬರೆಯಲು ಹಿಂಜರಿಯುವ ನಮ್ಮ ಅನುವಾದಕರಿಗೆ ಅದು ಆಡುಮಾತಿನದು, ಗ್ರಂಥಕ್ಕೆ ಸಲ್ಲದು ಎಂಬ ಅಳುಕಿದೆ. ಆ ಅಳುಕನ್ನು ಬಿಡಬೇಕು.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಮಾತಿಗೆ ಬರುತ್ತೇನೆ. ಅದು ಧೀರ.

ಕನ್ನಡ ಪುಸ್ತಕದಲ್ಲಿ ಧೀರನೆಂದರೆ ಶೂರನ ಅಣ್ಣತಮ್ಮ, ಹೆಸರಿನ ಹಿಂದೆ ಹಚ್ಚುವ ವಿಶೇಷಣ. ಮರಾಠಿಯಲ್ಲಿ ಧೀರ ಎಂದರೆ ತಾಳ್ಮೆ, ಮನಸ್ಸಿನ ನೆಲೆ. ಧೀರ ಹಿಡಿಯುತ್ತಾರೆ, ಧೀರ ಕೊಡುತ್ತಾರೆ, ಧೀರ ಬಿಡುತ್ತಾರೆ. ಗಡಿಯ ಕನ್ನಡದಲ್ಲಿ ಈ ಎರಡೂ ಬೆರೆತುಹೋಗಿವೆ. ಅಥಣಿ, ಕಾಗವಾಡ ಕಡೆಯವರು ದೊಡ್ಡ ಬೇನೆ ಬಂದರೆ ಮಿರಜಕ್ಕೆ ಹೋಗುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಅಲ್ಲಿ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ ಹೆಣ್ಣುಮಗಳಿಗೆ ಬಾಜೂಕ ಕೂತ ಇನ್ನೊಬ್ಬಾಕೆ ಹೇಳುವುದನ್ನು ಯಾರಾದರೂ ಕೇಳಬಹುದು: ‘ಅಕ್ಕಾರ, ಧೀರ ಹಿಡೀರಿ. ಎದಿ ಗಟ್ಟಿ ಮಾಡ್ಕೋರಿ. ಮಕ್ಕಳ ಮಾರಿ ನೋಡ್ರಿ.’ ಈ ಮಾತಿನಲ್ಲಿ ಯುದ್ಧವಿಲ್ಲ, ಶತ್ರುವಿಲ್ಲ. ಕಾಯುವುದಿದೆ, ಕಾಯುವಾಗ ಮುರಿಯದಿರುವುದಿದೆ. ಇಂಗ್ಲಿಷಿನಲ್ಲಿ ಇಂಥ ಹೊತ್ತಿನಲ್ಲಿ ‘ಬಿ ಬ್ರೇವ್’ ಎನ್ನುತ್ತಾರೆ. ಇಂಗ್ಲಿಷ್ ಕಥೆಯ ಆ ವಾಕ್ಯವನ್ನು ‘ಧೈರ್ಯಶಾಲಿಯಾಗಿರು’ ಎಂದು ಕನ್ನಡ ಮಾಡಿದ ಪಾಠವನ್ನು ನಮ್ಮ ಮಕ್ಕಳು ಓದುತ್ತಾರೆ. ಯಾವ ತಾಯಿ, ಯಾವ ಅಕ್ಕ ಹಾಗೆ ಅಂದಾಳು? ‘ಅಂಜಬ್ಯಾಡ, ನಾವದೀವಿ’ ಎಂದಾಳು. ಧೈರ್ಯ ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ವಸ್ತು ಎಂದು ನಮ್ಮ ಭಾಷೆ ನಂಬಿದೆ. ಸತ್ತ ಮನೆಗೆ ಹೋಗಿ ಬಂದವರು ‘ಧೈರ್ಯ ಹೇಳಿ ಬಂದಿವಿ’ ಎನ್ನುತ್ತಾರೆ. ಹೇಳಲು ಬರುವ ಧೈರ್ಯ ಇದು. ಶೌರ್ಯವನ್ನು ಯಾರೂ ಹೇಳಿ ಬರುವುದಿಲ್ಲ.

ಶಿಕ್ಷಕರಿಗೆ ಒಂದು ಸಣ್ಣ ಪ್ರಯೋಗ ಸೂಚಿಸುತ್ತೇನೆ. ಒಬ್ಬ ಹುಡುಗಿ ಆಸ್ಪತ್ರೆಯಲ್ಲಿ ಬಹಳ ಬ್ರೇವ್ ಆಗಿದ್ದಳು ಎಂಬ ಇಂಗ್ಲಿಷ್ ವಾಕ್ಯವನ್ನು ತರಗತಿಯಲ್ಲಿ ಕೊಡಿ. ನಿಘಂಟು ಮುಂದಿಟ್ಟುಕೊಂಡವರು ಶೂರಳು, ವೀರಳು ಎಂದು ಬರೆದು ಕೊಡುತ್ತಾರೆ. ನಿಘಂಟು ಮುಚ್ಚಿಸಿ, ನಿಮ್ಮ ಅಜ್ಜಿ ಹೇಗೆ ಹೇಳಿಯಾಳು ಎಂದು ಕೇಳಿ. ‘ಹುಡಿಗಿ ಒಂದೀಟೂ ಅಂಜಲಿಲ್ಲ’, ‘ಗಟ್ಟಿ ಇದ್ಳು’, ‘ಹಿಂಮತ್ತ ಬಿಡಲಿಲ್ಲ’ ಎಂಬ ಉತ್ತರಗಳು ತಾವಾಗಿ ಬರುತ್ತವೆ. ಎಲ್ಲವೂ ಸರಿ. ಇವುಗಳಲ್ಲಿ ಯಾವುದನ್ನು ಅಚ್ಚಿಗೆ ಕೊಡಬೇಕು ಎಂದು ವಿದ್ಯಾರ್ಥಿಗಳೇ ವಾದಿಸಲಿ.

ಇನ್ನೊಂದು ಕಷ್ಟವನ್ನು ಮರೆಮಾಚದೆ ಹೇಳಬೇಕು. ನಮ್ಮ ಕೆಚ್ಚಿನ ಪದಗಳಲ್ಲಿ ಬಹಳಷ್ಟು ಗಂಡಸರ ಸೊತ್ತು. ಗಂಡೆದೆ, ಗಂಡುಗಲಿ, ಗಂಡು ಮೆಟ್ಟಿದ ನಾಡು, ಮರಾಠಿಯ ಕಡೆಯಿಂದ ಮರ್ದಾನಿ. ಸಂಸ್ಕೃತದ ವೀರ, ಲ್ಯಾಟಿನ್ನಿನ ವಿರ್ ಎರಡೂ ಒಂದೇ ಮೂಲದವು, ಲ್ಯಾಟಿನ್ನಿನಲ್ಲಿ ಅದರ ಅರ್ಥವೇ ಗಂಡಸು. ಕಿತ್ತೂರು ಚೆನ್ನಮ್ಮನನ್ನು ಹೊಗಳುವಾಗಲೂ ಗಂಡೆದೆ ಎನ್ನುವವರಿದ್ದಾರೆ. ಆಕೆಗೆ ಬೇರೆ ಎದೆ ಬೇಕಿರಲಿಲ್ಲ. ಚಿಂಚಲಿ ಮಾಯವ್ವನ ಜಾತ್ರೆಗೆ ಭಾರತ ಹುಣ್ಣಿಮೆಯಲ್ಲಿ ಲಕ್ಷಗಟ್ಟಲೆ ಜನ ಹೋಗುತ್ತಾರೆ, ದೈತ್ಯರನ್ನು ಕೊಂದ ಆ ತಾಯಿಗೆ ಗಂಡೆದೆ ಇತ್ತು ಎಂದು ಯಾವ ಭಕ್ತನೂ ಹಾಡುವುದಿಲ್ಲ.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳನ್ನು ನೆನೆಯಬೇಕಾದದ್ದು ಇಲ್ಲಿ. ತಂಬಾಕಿನ ಧೂಳು ಮೂಗು, ಗಂಟಲಿಗೆ ಇಳಿಯುವ ಕೋಣೆಗಳಲ್ಲಿ ಕಡಿಮೆ ಕೂಲಿಗೆ, ಮೇಲಿನವರ ಬೈಗುಳ ಸಹಿಸಿಕೊಂಡು ದುಡಿದವರು ಅವರು. ಅವರು ಸಂಘ ಕಟ್ಟಿ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ್ ಚಿತ್ರತಂಡ 1982ರಲ್ಲಿ ಅವರ ಜೊತೆ ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿತು, ಇಂಗ್ಲಿಷಿನಲ್ಲಿ ಅದರ ಹೆಸರು ‘ಟೊಬ್ಯಾಕೊ ಎಂಬರ್ಸ್’, ತಂಬಾಕಿನ ಕೆಂಡ. ಅದರ ಹಿಂದಿನ ವರ್ಷ, 1981ರಲ್ಲಿ, ರೈತ ನಾಯಕ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕೂತಿದ್ದರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ರೈತರು ಜೀವ ಕಳೆದುಕೊಂಡರು. ಸತ್ತ ರೈತರಿಗೆ ಹುತಾತ್ಮ ಎಂಬ ಪದ ಮರಾಠಿಯಿಂದ ಬಂದು ಕನ್ನಡದಲ್ಲೂ ನೆಲೆಯೂರಿದೆ, ಅದು ಸಲ್ಲುವ ಗೌರವ. ಬದುಕಿ, ಮರುದಿನ ಮತ್ತೆ ಅದೇ ಧೂಳಿನ ಕೋಣೆಗೆ ಹೋಗಿ, ಮಾಲಕನ ಎದುರು ಕೂಲಿಯ ಲೆಕ್ಕ ಕೇಳಿದ ಹೆಂಗಸಿಗೆ ನಾವು ಯಾವ ಪದ ಕೊಟ್ಟಿದ್ದೇವೆ? ಇಂಗ್ಲಿಷ್ ಬರಹಗಳು ಇಂಥವರನ್ನು ಕರೇಜಸ್ ಎನ್ನುತ್ತವೆ. ಅದನ್ನು ಧೈರ್ಯಶಾಲಿ ಮಹಿಳೆಯರು ಎಂದು ಕನ್ನಡ ಮಾಡಿದರೆ ವ್ಯಾಕರಣ ತಪ್ಪುವುದಿಲ್ಲ, ಅವರು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದೇ ಓಣಿಯ ಮಾತಿನಲ್ಲಿ ಅವರಿಗೆ ಹೆಸರಿದೆ, ಗಟ್ಟಿಗಿತ್ತಿ. ದುಡಿಮೆಯಲ್ಲಿ ಗಟ್ಟಿ, ಮಾತಿನಲ್ಲಿ ಗಟ್ಟಿ, ಸಂಸಾರ ತೂಗಿಸುವುದರಲ್ಲಿ ಗಟ್ಟಿ, ಯಾರಿಗೂ ಬಗ್ಗದವಳು. ಇಷ್ಟು ಜೊತೆಗಾರರನ್ನು ಕರೆದುಕೊಂಡು ಬರುವ ಪದ ಇಂಗ್ಲಿಷಿನಲ್ಲಿ ನನಗೆ ಸಿಕ್ಕಿಲ್ಲ.

ನಮ್ಮ ಐದು ತಾಲ್ಲೂಕುಗಳ ಕಾಲೇಜುಗಳ ಕನ್ನಡ, ಮರಾಠಿ, ಇಂಗ್ಲಿಷ್ ವಿಭಾಗಗಳು ಸೇರಿ ಮಾಡಬಹುದಾದ ಒಂದು ಕೆಲಸವಿದೆ. ಕೆಚ್ಚಿನ ಮಾತುಗಳನ್ನು ಅವು ಹುಟ್ಟುವ ಜಾಗದಲ್ಲೇ ಬರೆದುಕೊಳ್ಳಬೇಕು, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಅಂದರು ಎಂಬುದರ ಸಮೇತ. ಕುಸ್ತಿ ಕಣ, ಬಾಣಂತಿ ಕೋಣೆ, ಸತ್ತ ಮನೆ, ನೆರೆ ಬಂದಾಗ ಹಾಕಿದ ಗಂಜಿಕೇಂದ್ರ, ಸೈನ್ಯದಿಂದ ರಜೆಗೆ ಬಂದವರ ಕಟ್ಟೆಯ ಹರಟೆ, ಯಡೂರಿನ ಪುರವಂತರ ಒಡಪು, ಶೇಡಬಾಳದ ಬಸದಿಯ ಪ್ರವಚನ. ಪ್ರತಿ ಪದದ ಎದುರು ಅದರ ಮರಾಠಿ ರೂಪವೂ ಇರಲಿ, ಯಾಕೆಂದರೆ ಎಷ್ಟೋ ಸಲ ಅದು ಅಲ್ಲಿಂದಲೇ ಬಂದಿರುತ್ತದೆ ಅಥವಾ ಇಲ್ಲಿಂದಲೇ ಅಲ್ಲಿಗೆ ಹೋಗಿರುತ್ತದೆ. ಯಾರದು ಮೂಲ ಎಂಬ ಜಗಳ ಈ ಕೆಲಸದಲ್ಲಿ ಬೇಡ. ಮೊದಲು ನಿಪ್ಪಾಣಿಯಿಂದ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ಆ ಕಾರ್ಖಾನೆಗಳಲ್ಲಿ ದುಡಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ಈಗ ವಯಸ್ಸಾಗಿದೆ. ಅವರ ಬಾಯಿಂದ ಕೇಳಬೇಕಾದ ಮಾತುಗಳು ಯಾವ ನಿಘಂಟಿನಲ್ಲೂ ಇಲ್ಲ. ಅವರ ಮನೆಗಳಿಗೆ ಹೋಗಲು ಸಿದ್ಧರಿರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ಇಲ್ಲಿಯೇ ನನ್ನನ್ನು ಕಂಡು ಹೆಸರು ಕೊಡಿ.